ಬೆಟ್ಟವು ಯಾರದು?

ನಮ್ಮ ಹಳ್ಳಿಗಳಲ್ಲಿ ಬೆಟ್ಟವನ್ನು ಹತ್ತುವವನು ಏನಾದರೊಂದು ಕೆಲಸವನ್ನಿಟ್ಟುಕೊಂಡೇ ಹತ್ತುತ್ತಾನೆ. ಕಟ್ಟಿಗೆಗಾಗಿ ಹೋಗುವದುಂಟು, ಹುಲ್ಲಿಗಾಗಿ ಹೋಗುವದುಂಟು, ಸಂಜೆಗೆ ಹಟ್ಟಿಗೆ ಬಾರದ ಎಮ್ಮೆಯನ್ನು ಹುಡುಕಿಕೊಂಡು ಹೋಗುವದುಂಟು. ಇಲ್ಲವೆ ಆಚೆಯ ಊರಿನ ಸಂತೆಗೋ ಬಂಧುಗಳ ಮನೆಗೋ ಅದೇ ಹತ್ತಿರದ ದಾರಿಯೆಂದು ಹೋಗುವದುಂಟು. ಇವುಗಳಲ್ಲಿ ಒಂದೂ ಇಲ್ಲದೆ ಬರಿಗೈಯಿಂದ ಹತ್ತಿ ಬರಿಗೈಯಿಂದ ಇಳಿದು ಬರುವ ಮನುಷ್ಯನನ್ನು ಕಂಡರೆ, ಇವನಿಗೆ ಮನೆಯಲ್ಲಿ ಕೆಲಸವಿಲ್ಲವೋ ಎಂದು ಕೇಳುವರು. ಹೀಗಿರಲಾಗಿ, ಇಂಗ್ಲೆಂಡ್ ದೇಶದಲ್ಲಿ 1932ನೆಯ ಇಸವಿಯಲ್ಲಿ ಐದು ಮಂದಿ ಯೌವನಸ್ಥರು ಒಂದು ಬೆಟ್ಟದ ಮೇಲೆ ನಡೆದ ಸಂಬಂಧದಲ್ಲಿ ಸೆರೆಮನೆಗೆ ಹೋದರೆಂದೂ, ಆ ಬೆಟ್ಟದಲ್ಲಿ ಅವರಿಗೆ ಕಟ್ಟಿಗೆಯಾಗಲಿ ಹುಲ್ಲಾಗಲಿ ದನವಾಗಲಿ ಇರಲಿಲ್ಲವೆಂದೂ ಹೇಳಿದರೆ ವಾಚಕರು ಆಶ್ಚರ್ಯಪಡಬಹುದು. ಆದರೂ ಈ ಸಂಗತಿಯೊಳಗೆ ನಮಗೆಲ್ಲರಿಗೂ ಸಂಬಂಧಪಟ್ಟ ಒಂದು ಪ್ರಶ್ನೆ ಅಡಗಿದೆ. ದೇವರು ಉಂಟುಮಾಡಿದ ಬೆಟ್ಟವನ್ನು ಒಬ್ಬನು ತನ್ನದೆಂದು ಹೇಳಿ, ಬೇರೆಯವರು ಅದರ ಮೇಲೆ ಕಾಲಿಡಬಾರದೆಂದು ತಡೆಯುವದು ನ್ಯಾಯವೋ? ತಡೆದರೆ, ತಡೆಯಲ್ಪಟ್ಟವನು ಮಾಡತಕ್ಕದ್ದೇನು?

ಆ ಬೆಟ್ಟದ ಹೆಸರು ಕಿಂಡರ್ ಸ್ಕೌಟ್. ಇಂಗ್ಲೆಂಡಿನ ನಡುಭಾಗದಲ್ಲಿ ಡರ್ಬಿಶೈರ್ ಎಂಬ ಸೀಮೆಯುಂಟು. ಅದರ ಉತ್ತರದ ಅಂಚಿನಲ್ಲಿ, ಪಡುವಲಿಗೆ ಮ್ಯಾಂಚೆಸ್ಟರ್ ಪಟ್ಟಣವನ್ನೂ ಮೂಡಲಿಗೆ ಶೆಫೀಲ್ಡ್ ಪಟ್ಟಣವನ್ನೂ ಇಟ್ಟುಕೊಂಡು ಈ ಬೆಟ್ಟವು ಮಲಗಿದೆ. ಮಲಗಿದೆ ಎಂದು ನಾವು ಬೇಕೆಂದೇ ಬರೆದೆವು; ಯಾಕಂದರೆ ಅದಕ್ಕೆ ನಮ್ಮ ಬೆಟ್ಟಗಳಿಗಿರುವಂತೆ ಮೊನಚಾದ ನೆತ್ತಿಯಿಲ್ಲ. ಅದರ ಎತ್ತರವು 636 ಮೀಟರು, ಎಂದರೆ ಸುಮಾರು 2,087 ಅಡಿ. ನಮ್ಮ ಮುಳ್ಳಯ್ಯನಗಿರಿಯ ಮೂರರಲ್ಲೊಂದು ಪಾಲು ಮಾತ್ರ. ನಾಲ್ಕು ಕಡೆಗಳಲ್ಲಿ ಕಡಿದಾಗಿ ಏರಿ, ಅಂಚಿನಲ್ಲಿ ಕಪ್ಪು ಮರಳುಗಲ್ಲಿನ ಬಂಡೆಗಳನ್ನು ಗೋಡೆಯಂತೆ ಕಟ್ಟಿಕೊಂಡು, ಮೇಲೆ ಹಾಸಿದ ಚಾಪೆಯ ಹಾಗೆ ಮಟ್ಟಸವಾಗಿ ಹರಡಿದೆ. ಈ ಮೇಲುನೆಲದಲ್ಲಿ ಅತಿ ಎತ್ತರವಾದ ಸ್ಥಳ ಯಾವದೆಂದು ಹುಡುಕುವದೇ ಪ್ರಯಾಸ. ಅಲ್ಲಿಯ ನೆಲವು ನಮ್ಮಲ್ಲಿರುವಂಥ ಮಣ್ಣಲ್ಲ. ಮಳೆ ಹೆಚ್ಚಾಗಿ ನೀರು ನಿಂತು, ಸತ್ತ ಪಾಚಿಯೂ ಬೇರುಗಳೂ ಪೂರ್ಣವಾಗಿ ಕೊಳೆಯಲಾರದೆ ಸಾವಿರಾರು ವರುಷಗಳಿಂದ ಒಂದರ ಮೇಲೊಂದು ಕೂಡಿ, ಕಪ್ಪಾದ ಮೆತ್ತನೆಯ ಪದರವಾಗಿದೆ. ಅದನ್ನು ಪೀಟ್ ಎನ್ನುತ್ತಾರೆ. ಅದು ವರುಷಕ್ಕೆ ಬೆಳೆಯುವದು ಸುಮಾರು ಒಂದು ಮಿಲ್ಲಿಮೀಟರಿನಷ್ಟೇ. ಆದರೂ ಕೆಲವು ಕಡೆ ಆಳಿಗಿಂತ ಎತ್ತರವಾಗಿ ನಿಂತಿದೆ.

ಈ ಪೀಟಿನ ಮೇಲೆ ಹೆದರ್ ಎಂಬ ಗಿಡವು ಬೆಳೆಯುತ್ತದೆ. ಮೊಣಕಾಲಿನೆತ್ತರದ ಪೊದೆ, ಕಡ್ಡಿಯಂತೆ ಒರಟಾದ ಕೊಂಬೆ, ಎಲೆಯೋ ಅಕ್ಕಿಯ ನುಚ್ಚಿಗಿಂತ ದೊಡ್ಡದಲ್ಲ. ವರುಷದ ಹತ್ತು ತಿಂಗಳು ಅದನ್ನು ನೋಡಿದವನು ಹೊಗಳುವದಕ್ಕೆ ಏನೂ ಕಾಣನು. ಕಂದುಬಣ್ಣದ ಕಂಬಳಿಯನ್ನು ಬೆಟ್ಟದ ಮೇಲೆ ಎಸೆದ ಹಾಗಿರುತ್ತದೆ. ಆಗಸ್ಟ್ ತಿಂಗಳು ಬಂದಾಗಲೋ ಅದೇ ಗಿಡವು ಕಣ್ಣಿಗೆ ಮುಟ್ಟುವಷ್ಟು ದೂರ ನೇರಳೆಬಣ್ಣದ ಹೂವಾಗುವದು. ಜೇನುಸಾಕುವವರು ತಮ್ಮ ಪೆಟ್ಟಿಗೆಗಳನ್ನು ಬಂಡಿಯಲ್ಲಿ ಹೇರಿಕೊಂಡು ಇಂಥ ಬೆಟ್ಟಗಳಿಗೆ ಬರುವ ವಾಡಿಕೆಯುಂಟು. ಆ ಹೂವಿನ ಜೇನು ಪಾತ್ರೆಯನ್ನು ಬಗ್ಗಿಸಿದರೂ ಇಳಿಯಲಾರದಷ್ಟು ಗಟ್ಟಿ. ಹೆದರಿನ ಎಳೆಚಿಗುರನ್ನು ತಿಂದು ಬದುಕುವ ಗ್ರೌಸ್ ಎಂಬ ಹಕ್ಕಿಯಿದೆ; ನಮ್ಮ ಕೌಜುಗದ ಜಾತಿಗೆ ಸೇರಿದ್ದು, ಅದಕ್ಕಿಂತ ದೊಡ್ಡದು. ಚಳಿಗಾಲದಲ್ಲಿ ಮೈಯೆಲ್ಲಾ ಬೆಳ್ಳಗಾಗುವ ಮೊಲವೂ ಉಂಟು. ಇಂಥ ನೆಲವನ್ನು ನೋಡಿದವರು ಇದು ಮನುಷ್ಯನ ಕೈತಾಕದ ಕಾಡೆಂದು ಹೇಳುವರು, ಆದರೆ ಅದು ನಿಜವಲ್ಲ. ಪೂರ್ವದಲ್ಲಿ ಆ ಸೀಮೆಯ ಬಹು ಬೆಟ್ಟಗಳಲ್ಲಿ ಮರಗಳಿದ್ದವು. ಜನರು ಕಡಿದರು, ಕುರಿಗಳು ಮೇದವು, ಬೇಟೆಯ ಒಡೆಯರು ಹಕ್ಕಿಗೆ ಚಿಗುರು ಬೇಕೆಂದು ಹೆದರನ್ನು ತುಂಡುತುಂಡಾಗಿ ಸುಡಿಸಿದರು. ಹೀಗೆ ಆ ನೇರಳೆಬಣ್ಣದಲ್ಲಿ ಸೃಷ್ಟಿಕರ್ತನ ಕೈಯ ಸಂಗಡ ಕುರುಬನ ಕೈಯೂ ಉಂಟು.

ಅಲ್ಲಿ ನಡೆಯುವವನಿಗೆ ಸಿಕ್ಕುವದೇನು? ಮೊದಲಾಗಿ ಗಾಳಿ ಸಿಕ್ಕುವದು. ಬೆಟ್ಟದ ಪಡುವಣ ಅಂಚಿನಿಂದ ಕಿಂಡರ್ ಹೊಳೆಯು ಸುಮಾರು ನೂರಡಿ ಕೆಳಗೆ ಧುಮುಕುತ್ತದೆ. ಪಡುವಣ ಗಾಳಿ ಜೋರಾಗಿ ಬೀಸಿದಾಗ ಆ ನೀರು ಕೆಳಗೆ ಬೀಳದೆ ಹೊಗೆಯಂತೆ ಮೇಲಕ್ಕೇ ಹಾರಿ, ಎಷ್ಟೋ ಮೈಲು ದೂರದಿಂದ ಕಾಣುತ್ತದೆ. ತೆಂಕಲ ಅಂಚಿನಲ್ಲಿ ಮಳೆಗಾಳಿಗಳು ಬಂಡೆಗಳನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿರುವದರಿಂದ ಜನರು ಅವುಗಳಿಗೆ ಉಣ್ಣೆಯ ಮೂಟೆಗಳೆಂದು ಹೆಸರಿಟ್ಟಿದ್ದಾರೆ. ಈಡೇಲ್ ಕಣಿವೆಯಿಂದ ಏರುವ ಕಡಿದಾದ ದಾರಿಗೆ ಯಾಕೋಬನ ಏಣಿ ಎಂದು ಹೆಸರು. ನಮ್ಮ ವಾಚಕರು ಬೇತೇಲಿನಲ್ಲಿ ತಲೆಗೆ ಕಲ್ಲಿಟ್ಟು ಮಲಗಿದ ಯಾಕೋಬನನ್ನು ನೆನಸಿಕೊಳ್ಳಬಹುದು. ಈತನೋ ಹದಿನೆಂಟನೆಯ ಶತಮಾನದಲ್ಲಿ ಆ ಬೆಟ್ಟದ ಬುಡದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಯಾಕೋಬ್ ಮಾರ್ಷಲ್ ಎಂಬವನು. ಹೇರಿನ ಕುದುರೆಯನ್ನು ಸುತ್ತುದಾರಿಯಲ್ಲಿ ಬಿಟ್ಟು ತಾನು ನೆಟ್ಟಗೆ ಹತ್ತುವದಕ್ಕಾಗಿ ಅವನು ಮೆಟ್ಟಲುಗಳನ್ನು ಕಡಿದನಂತೆ. ಮೇಲೆ ಹೋದವನಿಗೆ ಗ್ರೌಸ್ ಹಕ್ಕಿಯ ಕೂಗೂ ತನ್ನ ಉಸಿರೂ ಹೊರತು ಬೇರೆ ಸದ್ದಿಲ್ಲ. ಮಂಜು ಇಳಿದರೆ ಹತ್ತು ಮಾರು ಮುಂದೆ ಕಾಣುವದಿಲ್ಲ. ದಾರಿ ಬಲ್ಲವರೂ ಅಲ್ಲಿ ತಪ್ಪಿದ್ದಾರೆ.

ಇನ್ನು ಅಲ್ಲಿಗೆ ಹೋಗಬೇಕೆಂದು ಹಂಬಲಿಸಿದವರು ಯಾರೆಂಬದನ್ನು ತಿಳಿಯಬೇಕು. ಮ್ಯಾಂಚೆಸ್ಟರಿನ ಸುತ್ತಲೂ ಲೋಕದಲ್ಲಿಯೇ ಹೆಸರಾದ ಹತ್ತಿಗಿರಣಿಗಳಿದ್ದವು. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ, ನಮ್ಮ ಧಾರವಾಡ ಸೀಮೆಯ ಕರಿನೆಲದಲ್ಲಿ ಬೆಳೆದ ಹತ್ತಿಯೂ ಸಮುದ್ರ ದಾಟಿ ಆ ಗಿರಣಿಗಳ ಕಡೆಗೆ ಹೋಯಿತು. ಹತ್ತಿಯ ಧೂಳು ಕುಡಿದು, ಯಂತ್ರಗಳ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಾ, ಹೊಗೆ ಮುಚ್ಚಿದ ಇಕ್ಕಟ್ಟಾದ ಬೀದಿಗಳಲ್ಲಿ ಅಲ್ಲಿಯ ಸ್ತ್ರೀಪುರುಷರು ಬಾಳಿದರು. 1932ರ ಹೊತ್ತಿಗೆ ಬಹುಮಂದಿಗೆ ಆ ಕೆಲಸವೂ ತಪ್ಪಿ ಕೈ ಖಾಲಿಯಾಗಿತ್ತು. ಭಾನುವಾರ ಬೆಳಿಗ್ಗೆ ರೈಲಿಗೆ ಕೆಲವು ಕಾಸು ಕೊಟ್ಟರೆ ಹೇಫೀಲ್ಡ್ ಎಂಬ ಹಳ್ಳಿಯಲ್ಲಿ ಇಳಿಯಬಹುದಾಗಿತ್ತು. ಅಲ್ಲಿಂದ ಕಣ್ಣೆತ್ತಿದರೆ ಕಿಂಡರ್ ಬೆಟ್ಟವು ಕಾಣುತ್ತಿತ್ತು. ಕಾಣುತ್ತಿತ್ತೇ ಹೊರತು ಹತ್ತಗೊಡಿಸುತ್ತಿರಲಿಲ್ಲ.

ಯಾಕೆ ಹತ್ತಗೊಡಿಸಲಿಲ್ಲ? ನಮ್ಮ ಊರುಗಳಲ್ಲಿ ಗೋಮಾಳವೆಂಬದು ಹ್ಯಾಗೋ ಹಾಗೆಯೇ ಇಂಗ್ಲೆಂಡಿನಲ್ಲಿಯೂ ಪೂರ್ವದಲ್ಲಿ ಊರೊಟ್ಟಿನ ನೆಲಗಳು ಬಹಳವಿದ್ದವು. ಅವುಗಳನ್ನು ಸುತ್ತಲಿನ ಭೂಮಾಲಿಕರಿಗೆ ಹಂಚಿ ಗೋಡೆ ಹಾಕಿಸುವ ಕಾನೂನುಗಳು ಹದಿನೆಂಟನೆಯ ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಒಂದರ ಹಿಂದೊಂದು ಬಂದವು. ಕಿಂಡರ್ ಬೆಟ್ಟವೂ ಹೀಗೆಯೇ ಪಾಲಾಯಿತು. ತರುವಾಯ ಗ್ರೌಸ್ ಹಕ್ಕಿಯ ಬೇಟೆಯು ಶ್ರೀಮಂತರಿಗೆ ದೊಡ್ಡ ವಿನೋದವಾಯಿತು. ಪ್ರತಿ ವರುಷ ಆಗಸ್ಟ್ 12ರಂದು, ಎಂದರೆ ಹೆದರ್ ಹೂಬಿಡುವ ಕಾಲದಲ್ಲಿಯೇ, ಆ ಬೇಟೆ ಮೊದಲಾಗುವದು. ಮೊಟ್ಟೆಯಿಡುವ ಹಕ್ಕಿ ಬೆದರಬಾರದೆಂದು ಗಾವಲುಗಾರರನ್ನು ಇಟ್ಟು, ದಾರಿಹೋಕರನ್ನು ಕೋಲುಗಳಿಂದ ಹಿಂದಕ್ಕಟ್ಟುತ್ತಿದ್ದರು. ವರುಷದಲ್ಲಿ ಕೆಲವು ದಿನ ಕೆಲವರ ತುಪಾಕಿಗಾಗಿ ಮಿಕ್ಕ ದಿನಗಳೆಲ್ಲಾ ಸಾವಿರಾರು ಜನರಿಗೆ ಬೆಟ್ಟವು ಮುಚ್ಚಿತ್ತು. ಇದನ್ನು ತಿದ್ದಬೇಕೆಂದು ಜೇಮ್ಸ್ ಬ್ರೈಸ್ ಎಂಬವರು 1884ರಲ್ಲಿ ಪಾರ್ಲಿಮೆಂಟಿನಲ್ಲಿ ಒಂದು ಮಸೂದೆಯನ್ನು ತಂದರು. ಅದು ಬಿದ್ದುಹೋಯಿತು. ಮತ್ತೆ ಮತ್ತೆ ತಂದರು, ಮತ್ತೆ ಮತ್ತೆ ಬಿತ್ತು.

1932ರ ಎಪ್ರಿಲ್ 24, ಭಾನುವಾರ. ಹೇಫೀಲ್ಡಿನ ಹತ್ತಿರ ಒಂದು ಹಳೆಯ ಕಲ್ಲುಗಣಿಯಲ್ಲಿ ಕೆಲವು ನೂರು ಜನರು ಕೂಡಿದರು. ಬೆನ್ನಿ ರಾತ್ಮನ್ ಎಂಬ ಇಪ್ಪತ್ತು ವರುಷದ ಯೆಹೂದ್ಯ ಹುಡುಗನು ಬಂಡೆಯನ್ನೇರಿ ಮಾತಾಡಿದನು. ಅಲ್ಲಿಂದ ಹಾಡುತ್ತಾ ವಿಲಿಯಮ್ ಕ್ಲೌ ಎಂಬ ಕಮರಿಯ ದಾರಿಯಾಗಿ ಹೊರಟು, ಒಂದು ಸ್ಥಳದಲ್ಲಿ ದಾರಿ ಬಿಟ್ಟು ನಿಷೇಧಿಸಲ್ಪಟ್ಟ ಇಳಿಜಾರನ್ನು ಹತ್ತಿದರು. ಗಾವಲುಗಾರರು ಅಡ್ಡಬಂದರು. ನೂಕಾಟವಾಗಿ ಒಬ್ಬ ಗಾವಲುಗಾರನಿಗೆ ಗಾಯವಾಯಿತು. ಮೇಲೆ ಹೋಗಿ, ಈಡೇಲ್ ಕಡೆಯಿಂದ ಹತ್ತಿಬಂದ ಇನ್ನೊಂದು ಗುಂಪಿನವರನ್ನು ವಂದಿಸಿ, ಬಂದ ಹಾಗೆಯೇ ಇಳಿದರು. ಬೆಟ್ಟದ ಅತಿ ಎತ್ತರವಾದ ಸ್ಥಳವನ್ನು ಅವರು ಮುಟ್ಟಲೇ ಇಲ್ಲ. ಹಳ್ಳಿಗೆ ತಿರುಗಿ ಬಂದಾಗ ಪೊಲೀಸರು ಕೆಲವರನ್ನು ಹಿಡಿದರು. ಪರರ ನೆಲವನ್ನು ಹೊಕ್ಕದ್ದು ಆ ದೇಶದ ಕಾನೂನಿನಲ್ಲಿ ದಂಡನೀಯವಾದ ಅಪರಾಧವಾಗಿರಲಿಲ್ಲ. ಆದಕಾರಣ ಗಲಭೆ ಎಬ್ಬಿಸಿದರೆಂಬದು ಮುಂತಾದ ಆರೋಪಗಳನ್ನು ಹೊರಿಸಿ, ಜುಲೈ ತಿಂಗಳಲ್ಲಿ ಡರ್ಬಿಯ ನ್ಯಾಯಸ್ಥಾನದಲ್ಲಿ ಆರು ಮಂದಿಯನ್ನು ವಿಚಾರಿಸಿದರು. ಮೊಕದ್ದಮೆಯನ್ನು ಮುಂದಕ್ಕೆ ಕಳುಹಿಸಿದ ಪಂಚರಲ್ಲಿ ಸೇನಾಧಿಪತಿಗಳೂ ಕರ್ನಲರೂ ಜಮೀನುದಾರರೂ ತುಂಬಿದ್ದರು. ಐವರಿಗೆ ಎರಡು ತಿಂಗಳಿಂದ ಆರು ತಿಂಗಳ ವರೆಗೆ ಸೆರೆವಾಸವಾಯಿತು. ರಾತ್ಮನನಿಗೆ ನಾಲ್ಕು ತಿಂಗಳು.

ಈ ಸಂಗತಿಯನ್ನು ಕೇಳಿದ ದೇವಭಕ್ತನಾದ ಒಕ್ಕಲಿಗನು, ಅವರು ಕರ್ತನ ದಿನವನ್ನು ದೇವಾಲಯದಲ್ಲಿ ಕಳೆಯಬೇಕಾಗಿತ್ತಲ್ಲವೋ ಎಂದು ಮೊದಲು ಕೇಳಬಹುದು. ಆ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳುವದಿಲ್ಲ. ಆರಾಧನೆಯನ್ನು ಬಿಟ್ಟು ಅಲೆದಾಡುವ ಅಭ್ಯಾಸವು ನಮ್ಮ ಸಭೆಗಳಲ್ಲಿಯೂ ಉಂಟು, ಅದಕ್ಕೆ ಬೆಟ್ಟವೇ ಬೇಕೆಂದಿಲ್ಲ. ಆದರೆ ಆರು ದಿನ ಗಿರಣಿಯಲ್ಲಿ ಕುಗ್ಗಿದ ಮೈಯನ್ನು ಏಳನೆಯ ದಿನ ಆಕಾಶದ ಕೆಳಗೆ ನೆಟ್ಟಗೆ ಮಾಡಿಕೊಳ್ಳಬೇಕೆಂಬ ಆಶೆಯನ್ನೇ ಪಾಪವೆಂದು ಎಣಿಸುವದಕ್ಕೆ ನಮ್ಮ ಮನಸ್ಸು ಒಪ್ಪುವದಿಲ್ಲ. ಇಸಾಕನು ಸಂಜೆಯಲ್ಲಿ ಧ್ಯಾನಕ್ಕಾಗಿ ಹೊಲದ ಕಡೆಗೆ ಹೋದನೆಂದು ಆದಿಕಾಂಡದಲ್ಲಿ ಓದುತ್ತೇವೆ. ಅವನ ಕೈಯಲ್ಲಿ ಗುದ್ದಲಿ ಇತ್ತೆಂದು ಬರೆದಿಲ್ಲ. ನಮ್ಮ ಕರ್ತನು ಜನರ ಗುಂಪನ್ನು ಬಿಟ್ಟು ಎಷ್ಟೋ ಸಾರಿ ಬೆಟ್ಟಕ್ಕೆ ಹೋದನು. ಕೆಲಸವಿಲ್ಲದೆ ನಡೆಯುವದೆಲ್ಲಾ ಸೋಮಾರಿತನವಲ್ಲ. ನಿಜವಾಗಿ ದುಡಿಯುವವನೇ ಇದನ್ನು ಬೇಗ ತಿಳುಕೊಳ್ಳುವನು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಪರರ ಸೊತ್ತಿನಲ್ಲಿ ಕಾಲಿಡುವದು ಕಳವಿನ ಮೊದಲ ಹೆಜ್ಜೆಯಲ್ಲವೋ? ಸೊತ್ತೆಂಬದು ದೇವರ ದೃಷ್ಟಿಯಲ್ಲಿ ಅಲ್ಪವಾದ ಸಂಗತಿಯಲ್ಲ. ಮೇರೆಗಲ್ಲನ್ನು ಕದಲಿಸುವವನು ಶಾಪಗ್ರಸ್ತನೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ನಾಬೋತನ ದ್ರಾಕ್ಷೇತೋಟವನ್ನು ಕಿತ್ತುಕೊಂಡ ಅಹಾಬನ ಗತಿ ಏನಾಯಿತೆಂದು ನಮ್ಮ ಮಕ್ಕಳೂ ಬಲ್ಲರು. ಆದರೆ ನಾಬೋತನ ಕಥೆಯನ್ನು ಓದುವಾಗ, ಅಲ್ಲಿ ಗೋಡೆಯ ಒಳಗಿದ್ದವನು ಬಡವನು, ಹೊರಗಿನಿಂದ ಕೈಚಾಚಿದವನು ಅರಸನು ಎಂಬದನ್ನು ಮರೆಯಬಾರದು. ಹಾಗೆಯೇ ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯವನ್ನೂ ಸಂಗಡ ಓದಬೇಕು. ಭೂಮಿಯು ದೇವರದಾಗಿರುವದರಿಂದ ಅದನ್ನು ಶಾಶ್ವತವಾಗಿ ಮಾರಲಿಕ್ಕಾಗದೆಂದೂ, ಅದರಲ್ಲಿ ವಾಸಿಸುವವರೆಲ್ಲರೂ ಆತನ ಮುಂದೆ ಪರದೇಶಸ್ಥರಾದ ಒಕ್ಕಲುಗಳೆಂದೂ ಅಲ್ಲಿ ಕಾಣುತ್ತೇವೆ. ಪಟ್ಟೆಯಲ್ಲಿ ಯಾರ ಹೆಸರು ಬರೆದಿದ್ದರೂ ದೇವರ ಲೆಕ್ಕದಲ್ಲಿ ಅವನು ಗೇಣಿದಾರನೇ.

ಗೇಣಿದಾರನಿಗೆ ಎಷ್ಟು ಅಧಿಕಾರವುಂಟು? ಇದಕ್ಕೆ ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯದ ಕಡೆಯಲ್ಲಿ ಒಂದು ಚಿಕ್ಕ ಕಟ್ಟಳೆಯುಂಟು. ನಾವು ಅದನ್ನು ಬಹಳ ಸಾರಿ ಓದಿ ದಾಟಿಹೋಗಿದ್ದೇವೆ. ನೆರೆಯವನ ದ್ರಾಕ್ಷೇತೋಟಕ್ಕೆ ಹೋದವನು ತೃಪ್ತಿಯಾಗುವಷ್ಟು ತಿನ್ನಬಹುದು, ಆದರೆ ಬುಟ್ಟಿಯಲ್ಲಿ ತುಂಬಬಾರದು. ಅವನ ಪೈರಿನೊಳಗೆ ಹೋದವನು ಕೈಯಿಂದ ತೆನೆ ಮುರಿಯಬಹುದು, ಆದರೆ ಕುಡುಗೋಲು ಬೀಸಬಾರದು ಎಂಬದೇ ಅದರ ತಾತ್ಪರ್ಯ. ಇದೇ ಕಟ್ಟಳೆಯ ಬಲದಿಂದ ಶಿಷ್ಯರು ಪೈರಿನ ಹೊಲದಲ್ಲಿ ಹಾದುಹೋಗುತ್ತಾ ತೆನೆ ಮುರಿದು ತಿಂದರು. ಫರಿಸಾಯರು ತಪ್ಪು ಹಿಡಿಯುವದರಲ್ಲಿ ಯಾರಿಗೂ ಕಡಿಮೆಯಲ್ಲ. ಆದರೂ ಪರರ ಹೊಲಕ್ಕೆ ಯಾಕೆ ಹೋದಿರಿ ಎಂದು ಅವರೂ ಕೇಳಲಿಲ್ಲ, ಸಬ್ಬತ್ ದಿನದಲ್ಲಿ ಯಾಕೆ ಮಾಡಿದಿರಿ ಎಂದು ಮಾತ್ರ ಕೇಳಿದರು. ಹೊಲದವನ ಹಕ್ಕನ್ನು ದೇವರು ತೆಗೆದುಹಾಕಲಿಲ್ಲ. ಕುಡುಗೋಲಿನ ವಿಷಯದಲ್ಲಿ ಅದು ಪೂರ್ಣವಾಗಿಯೇ ಉಳಿಯಿತು. ಕೈಯ ವಿಷಯದಲ್ಲಿ ಮಾತ್ರ ದಾರಿಹೋಕನಿಗೆ ಒಂದಿಷ್ಟು ಸ್ಥಳವನ್ನು ಬಿಡಿಸಿದನು. ಬಿತ್ತಿ ಬೆಳೆದ ಹೊಲದಲ್ಲಿಯೇ ಹೀಗಾದರೆ, ಯಾರೂ ಬಿತ್ತದ, ಯಾರ ಮನೆಯೂ ಇಲ್ಲದ ಬೆಟ್ಟದ ಮೇಲೆ ತೆನೆಯನ್ನೂ ಮುರಿಯದೆ ಬರೇ ನಡೆದುಹೋಗುವವನನ್ನು ಕೋಲಿನಿಂದ ಅಟ್ಟುವವನು, ದೇವರು ಕೊಟ್ಟದ್ದಕ್ಕಿಂತ ಹೆಚ್ಚಿನ ಅಧಿಕಾರವನ್ನು ತೆಗೆದುಕೊಂಡನೆಂದೇ ನಮ್ಮ ಅಭಿಪ್ರಾಯ. ಒಬ್ಬನ ಅಂಗಳಕ್ಕೂ ಹಿತ್ತಲಿಗೂ ನೆಟ್ಟ ಗದ್ದೆಗೂ ಈ ಮಾತು ಸಲ್ಲುವದಿಲ್ಲ. ಅಲ್ಲಿ ಕಾಲೇ ಕುಡುಗೋಲಾಗುವದು.

ಒಡೆಯನು ತಪ್ಪಿದನೆಂದು ತಡೆಯಲ್ಪಟ್ಟವನು ನುಗ್ಗಬಹುದೋ? ಇಲ್ಲಿ ಸತ್ಯವೇದದ ಇನ್ನೊಂದು ಚರಿತ್ರೆಯು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಇಸ್ರಾಯೇಲ್ಯರು ಎದೋಮಿನ ಅರಸನನ್ನು ದಾರಿ ಕೇಳಿದರು. ಹೊಲತೋಟಗಳನ್ನು ತುಳಿಯೆವು, ರಾಜಮಾರ್ಗವನ್ನು ಬಿಟ್ಟು ಸರಿಯೆವು, ನೀರು ಕುಡಿದರೆ ಕ್ರಯ ಕೊಡುವೆವು ಎಂದು ಹೇಳಿಕೊಂಡರೂ ಎದೋಮನು ದಂಡು ಕಟ್ಟಿ ಅಡ್ಡಬಂದನು. ಆಗ ಇಸ್ರಾಯೇಲ್ಯರು ಕಾದಾಡದೆ ಸುತ್ತುದಾರಿಯಲ್ಲಿ ತಿರುಗಿಕೊಂಡು ಹೋದರು. ನಮಗೆ ಅನುಕೂಲವಾಗಿ ಈ ಚರಿತ್ರೆಯನ್ನು ಬಾಗಿಸಲಾರೆವು. ಎದೋಮನು ಅಣ್ಣನ ವಂಶದವನಾದದರಿಂದ ಅವನ ಸಂಗಡ ಯುದ್ಧ ಮಾಡಬಾರದೆಂದು ದೇವರೇ ತಡೆದಿದ್ದನೆಂಬದೂ ನಿಜ, ದಾರಿ ಕೊಡದವನನ್ನು ದೇವರ ವಾಕ್ಯವು ಎಲ್ಲಿಯೂ ಮೆಚ್ಚಲಿಲ್ಲವೆಂಬದೂ ನಿಜ. ಆದರೂ ತಿರುಗಿ ಹೋದವರು ದೇವಜನರೇ. ಕಿಂಡರಿಗೆ ನಡೆದವರಲ್ಲಿ ಕೈಯೆತ್ತಿದವನು ಯಾವನೇ ಆಗಲಿ, ಅವನನ್ನು ನಾವು ಸಮರ್ಥಿಸುವದಿಲ್ಲ. ಗಾವಲುಗಾರನೂ ಕೂಲಿಗಾಗಿ ದುಡಿಯುವ ಬಡವನೇ. ಬೆಟ್ಟವು ಅವನದಲ್ಲ, ಕೋಲು ಮಾತ್ರ ಅವನದು. ಬಹುಕಾಲದಿಂದ ಶಾಂತವಾಗಿ ಪ್ರಯತ್ನಿಸುತ್ತಿದ್ದ ಮ್ಯಾಂಚೆಸ್ಟರಿನ ನಡೆಗಾರರ ಒಕ್ಕೂಟವೂ, ಇವರ ಕೃತ್ಯದಿಂದ ಕೆಲಸ ಕೆಡುವದೆಂದು ಹೆದರಿ ಅವರಿಂದ ದೂರವೇ ನಿಂತಿತು.

ಆದರೆ ಕೈಯೆತ್ತದೆ ಕಾಲು ಮಾತ್ರ ಇಟ್ಟವನು? ಅವನ ವಿಷಯದಲ್ಲಿ ತೀರ್ಪು ಮಾಡುವ ಮೊದಲು ಅದೇ ಬೆಟ್ಟದ ಬುಡದಲ್ಲಿ ನಡೆದ ಹಳೆಯ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇವೆ. 1662ರಲ್ಲಿ ಇಂಗ್ಲೆಂಡಿನ ಅರಸನ ಸರಕಾರವು, ತಾನು ನೇಮಿಸಿದ ಪ್ರಾರ್ಥನಾಪುಸ್ತಕವನ್ನು ಪೂರ್ಣವಾಗಿ ಒಪ್ಪದ ಬೋಧಕರು ಸಭೆಗಳನ್ನು ಬಿಡಬೇಕೆಂದು ವಿಧಿಸಿತು. ಸುಮಾರು ಎರಡು ಸಾವಿರ ಬೋಧಕರು ತಮ್ಮ ಸಭೆಗಳನ್ನು ಕಳಕೊಂಡರು. ಕಿಂಡರಿನ ಪಕ್ಕದ ಗ್ಲಾಸಪ್ ಊರಿನ ಬೋಧಕನಾದ ವಿಲಿಯಮ್ ಬ್ಯಾಗ್‌ಶಾ ಅವರಲ್ಲೊಬ್ಬನು. 1665ರಲ್ಲಿ ಇನ್ನೊಂದು ಕಾನೂನು ಬಂತು: ಹಾಗೆ ಹೊರಡಿಸಲ್ಪಟ್ಟವನು ತನ್ನ ಹಳೆಯ ಸಭೆಯ ಐದು ಮೈಲಿಗಳ ಒಳಗೆ ಕಾಲಿಡಬಾರದು. ಬ್ಯಾಗ್‌ಶಾ ಆ ಬೆಟ್ಟಸೀಮೆಯನ್ನು ಬಿಟ್ಟುಹೋಗಲಿಲ್ಲ. ಹಳ್ಳಿಹಳ್ಳಿಗೆ ಗುಪ್ತವಾಗಿ ಹೋಗಿ ಬೋಧಿಸಿ, 1702ರಲ್ಲಿ ಸಾಯುವ ಮುಂಚೆಯೇ ಪೀಕ್ ಸೀಮೆಯ ಅಪೊಸ್ತಲನೆನ್ನಿಸಿಕೊಂಡನು. ಕಿಂಡರಿನ ಉತ್ತರಕ್ಕೆ ಅಲ್ಪೋರ್ಟ್ ಎಂಬ ಒಂಟಿ ಕಣಿವೆಯಲ್ಲಿ ಒಂದು ಕಣಜದ ಮನೆಯುಂಟು. ಆ ಕಾಲದಲ್ಲಿ ಭಕ್ತರು ಅಂಥ ಸ್ಥಳಗಳಲ್ಲಿ ಕೂಡುತ್ತಿದ್ದರೆಂಬ ನೆನಪಿನಿಂದ ಮೆಥೊಡಿಸ್ಟ್ ಸಭೆಯವರು ಜುಲೈ ತಿಂಗಳ ಮೊದಲನೆಯ ಭಾನುವಾರ ಅಲ್ಲಿ ಪ್ರೀತಿಭೋಜನವನ್ನು ಬಹುಕಾಲದಿಂದ ನಡಿಸಿಕೊಂಡು ಬಂದಿದ್ದಾರೆ. ಹುಲ್ಲಿನ ಮೂಟೆಗಳ ಮಧ್ಯದಲ್ಲಿ ಕೂತು, ಕೇಕನ್ನು ಮುರಿದು ಹಂಚಿ, ಒಂದೇ ಪಾತ್ರೆಯಿಂದ ನೀರು ಕುಡಿದು, ದೇವರು ಮಾಡಿದ ಉಪಕಾರಗಳನ್ನು ಹೇಳಿಕೊಳ್ಳುವರು. ಆ ಬೆಟ್ಟಗಳಲ್ಲಿ ನಡೆಯಬಾರದ ಕಡೆ ನಡೆದವರಲ್ಲಿ ರಾತ್ಮನನ ಗುಂಪಿನವರು ಮೊದಲನೆಯವರಲ್ಲ.

ಎರಡೂ ಒಂದೇ ಎಂದು ನಾವು ಹೇಳುವದಿಲ್ಲ. ಬ್ಯಾಗ್‌ಶಾ ಸುವಾರ್ತೆಗಾಗಿ ನಡೆದನು. 1932ರವರು ಗಾಳಿಗೂ ಬೆಳಕಿಗೂ ನ್ಯಾಯಕ್ಕೂ ನಡೆದರು, ಅವರಲ್ಲಿ ಅನೇಕರು ದೇವರಿಲ್ಲವೆನ್ನುವ ಕಮ್ಯೂನಿಸ್ಟ್ ಮತವನ್ನು ಹಿಡಿದವರೂ ಆಗಿದ್ದರು. ಇದನ್ನು ಮುಚ್ಚಿಡುವದು ಸರಿಯಲ್ಲ. ಆದರೆ ದಾರಿಯಲ್ಲಿ ಬಿದ್ದವನ ಪಕ್ಕದಲ್ಲಿ ನಿಂತವನು ಯಾಜಕನಲ್ಲ, ಲೇವಿಯನಲ್ಲ, ಸಮಾರ್ಯದವನು; ಇದನ್ನು ಕಲಿಸಿದವನು ಕರ್ತನೇ. ನ್ಯಾಯವಾದ ಮಾತು ಯಾರ ಬಾಯಿಂದ ಬಂತೆಂದು ನೋಡಿ ಕಿವಿ ಮುಚ್ಚಿಕೊಂಡರೆ ನಷ್ಟವು ನಮಗೇ.

ಇಂಥ ಮಾತಿಗೆ ಕಿವಿ ಮುಚ್ಚುವದು ನಮ್ಮ ಸಭೆಗಳವರಿಗೆ ಬೇರೆ ಯಾರಿಗಿಂತಲೂ ಕಷ್ಟ. ಈ ಬೀದಿಯಲ್ಲಿ ನೀನು ಬರಬಾರದು, ಈ ಬಾವಿಯ ಕಟ್ಟೆಯನ್ನು ನೀನು ಹತ್ತಬಾರದು, ಎದುರಿಗೆ ಯಾರಾದರೂ ಬಂದರೆ ದಾರಿ ಬಿಟ್ಟು ಹೊಲದಲ್ಲಿ ನಿಲ್ಲಬೇಕು ಎಂಬ ಮಾತುಗಳು ನಮ್ಮ ಅಜ್ಜಂದಿರಲ್ಲಿ ಎಷ್ಟು ಜನರ ಬೆನ್ನಿನ ಮೇಲೆ ಬಿದ್ದವೆಂದು ಅವರವರ ಮನೆಗಳಲ್ಲಿ ಬಲ್ಲರು. ಕಿಂಡರಿನ ನಡಿಗೆಗೆ ಎಂಟು ವರುಷ ಮುಂಚೆ, 1924ರಲ್ಲಿ, ತಿರುವಾಂಕೂರಿನ ವೈಕಂ ಎಂಬಲ್ಲಿ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಎಲ್ಲರೂ ನಡೆಯಬೇಕೆಂದು ಸತ್ಯಾಗ್ರಹವಾಯಿತು. ಅಲ್ಲಿಯೂ ಜನರು ಬರೇ ನಡೆದದ್ದಕ್ಕಾಗಿ ಸೆರೆಗೆ ಹೋದರು. ಇಂಗ್ಲೆಂಡಿನ ಗಿರಣಿಯಾಳಿಗಾದ ನೋವು ನಮ್ಮವರ ನೋವಿಗೆ ಸಮಾನವಲ್ಲ, ಅವನನ್ನು ಯಾರೂ ಮುಟ್ಟಬಾರದವನೆನ್ನಲಿಲ್ಲ. ಆದರೂ ಕಾಲಿಡಬೇಡವೆಂಬ ಮಾತಿನ ರುಚಿಯನ್ನು ಅವನೂ ಕಂಡನು. ಆದದರಿಂದ ಕೈಯೆತ್ತದೆ ಕಾಲಿಟ್ಟವನನ್ನು ನಾವು ತಪ್ಪಿತಸ್ಥನೆನ್ನಲಾರೆವು. ಅವನು ಓಡಿಹೋಗದೆ ದಂಡನೆಯನ್ನೂ ತಕ್ಕೊಂಡನು.

ಮುಂದಿನ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನಾಯಿತು. 1951ರಲ್ಲಿ ಕಿಂಡರನ್ನೊಳಗೊಂಡ ಪೀಕ್ ಸೀಮೆಯು ಬ್ರಿಟನ್ನಿನ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. 1982ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಾರ್ವಜನಿಕ ಸಂಸ್ಥೆಯು ಬೆಟ್ಟವನ್ನು ಕೊಂಡುಕೊಂಡಿತು. 2000ದಲ್ಲಿ ಆದ ಕಾನೂನಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳಲ್ಲಿ ನಕ್ಷೆಯಲ್ಲಿ ಗುರುತಿಸಿದ ಬೆಟ್ಟ, ಹೆದರಿನ ಬಯಲು, ಊರೊಟ್ಟಿನ ನೆಲ ಇವುಗಳಲ್ಲಿ ಯಾರಾದರೂ ನಡೆಯಬಹುದೆಂದಾಯಿತು. ಇದು ಇಂಗ್ಲೆಂಡಿನ ನೆಲದಲ್ಲಿ ನೂರಕ್ಕೆ ಸುಮಾರು ಎಂಟು ಪಾಲು ಮಾತ್ರ. ಒಡೆಯನ ಹಕ್ಕನ್ನೂ ಅದು ಅಳಿಸಲಿಲ್ಲ. ಅವನು ವರುಷದಲ್ಲಿ 28 ದಿನಗಳ ವರೆಗೆ ದಾರಿ ಮುಚ್ಚಬಹುದು, ಗ್ರೌಸ್ ಹಕ್ಕಿಯ ನೆಲಕ್ಕೆ ನಾಯಿಗಳನ್ನು ತರಬೇಡವೆನ್ನಬಹುದು. ಕಾನೂನು ಬರೆದವರು ಧರ್ಮೋಪದೇಶಕಾಂಡವನ್ನು ನೋಡಿ ಬರೆದರೆಂದು ನಾವು ಹೇಳುವದಿಲ್ಲ. ಆದರೂ ಅವರು ಕೈಗೂ ಕುಡುಗೋಲಿಗೂ ನಡುವೆಯೇ ಗೆರೆಯನ್ನೆಳೆದರು.

1932ರಲ್ಲಿ ಕಿಂಡರಿನ ಬೇಟೆನೆಲದ ದೊಡ್ಡ ಭಾಗವು ಡೆವನ್‌ಶೈರಿನ ಡ್ಯೂಕನೆಂಬ ಪದವಿಯ ಶ್ರೀಮಂತನದಾಗಿತ್ತು. ಎಪ್ಪತ್ತು ವರುಷಗಳ ತರುವಾಯ, 2002ರಲ್ಲಿ, ಅದೇ ಕಲ್ಲುಗಣಿಯ ಬಳಿಯಲ್ಲಿ ಜನರು ಜ್ಞಾಪಕಾರ್ಥವಾಗಿ ಕೂಡಿದಾಗ, ಆ ಡ್ಯೂಕನ ಮೊಮ್ಮಗನು ತಾನೇ ಬಂದು ತನ್ನ ಅಜ್ಜನು ಮಾಡಿದ್ದು ತಪ್ಪೆಂದು ಎಲ್ಲರ ಮುಂದೆ ಅರಿಕೆಮಾಡಿದನು. ಆಗ ಅವನಿಗೆ ಎಂಭತ್ತು ವರುಷಗಳು ಮೀರಿದ್ದವು. ತಾನು ಮಾಡದ ತಪ್ಪಿಗಾಗಿ, ಅದರ ಲಾಭವನ್ನುಂಡ ಮನೆಯವನಾಗಿ ತಲೆಬಾಗಿಸುವದು ಸುಲಭವಲ್ಲ. ನೆಹೆಮೀಯನು ತನ್ನ ತಂದೆಯ ಮನೆಯವರ ಪಾಪವನ್ನೂ ಅರಿಕೆಮಾಡಿದ್ದನ್ನು ನಾವು ನೆನಸುತ್ತೇವೆ. ಅದನ್ನು ಕೇಳುವದಕ್ಕೆ ಬೆನ್ನಿ ರಾತ್ಮನ್ ಇರಲಿಲ್ಲ. ಅವನು ಅದೇ ವರುಷದ ಜನವರಿಯಲ್ಲಿ ತೊಂಭತ್ತು ವರುಷದವನಾಗಿ ತೀರಿಹೋಗಿದ್ದನು. ಮೂರು ತಿಂಗಳ ಅಂತರ.

ಒಂದು ಮಾತು ಉಳಿದದೆ, ಇದು ನಡೆಯುವವರಿಗೆ ಸೇರಿದ್ದು. ದಾರಿ ತೆರೆದ ಮೇಲೆ ಜನರು ಬಂದರು, ಲಕ್ಷಾಂತರವಾಗಿ ಬಂದರು. ಈಡೇಲಿನಿಂದ ಸ್ಕಾಟ್ಲೆಂಡಿನ ಗಡಿಯ ಆಚೆಯ ವರೆಗೆ 268 ಮೈಲಿ ಉದ್ದದ ಕಾಲುದಾರಿಯನ್ನು 1965ರ ಎಪ್ರಿಲ್ 24ರಂದು ತೆರೆದರು. ಮೊದಲು ಅದು ಕಿಂಡರಿನ ಮೇಲುನೆಲವನ್ನೇ ದಾಟಿಹೋಗುತ್ತಿತ್ತು. ಒಬ್ಬನ ಕಾಲು ಏನೂ ಮಾಡದು. ಸಾವಿರ ಕಾಲುಗಳು ಒಂದೇ ಸ್ಥಳದಲ್ಲಿ ಬಿದ್ದಾಗ ಹೆದರ್ ಸತ್ತು, ಕಪ್ಪು ಪೀಟ್ ಬಯಲಾಗಿ, ಒಬ್ಬನು ತುಳಿದ ಕೆಸರನ್ನು ಇನ್ನೊಬ್ಬನು ತಪ್ಪಿಸಿ ನಡೆದು, ದಾರಿಯು ಹತ್ತಾರು ಅಡಿ ಅಗಲವಾದ ಗಾಯವಾಯಿತು. ಸಾವಿರ ವರುಷದಲ್ಲಿ ಕೂಡಿದ್ದು ಹತ್ತು ವರುಷದ ಮಳೆಯಲ್ಲಿ ಕೊಚ್ಚಿಹೋಗಬಹುದು. ಕಡೆಗೆ ದಾರಿಯನ್ನೇ ಯಾಕೋಬನ ಏಣಿಯ ಕಡೆಗೆ ತಿರುಗಿಸಬೇಕಾಯಿತು. ಕಾಲುಗಳಿಗಿಂತ ಮುಂಚೆಯೇ ಮ್ಯಾಂಚೆಸ್ಟರಿನ ಹೊಗೆಯು ಪಡುವಣ ಗಾಳಿಯಲ್ಲಿ ಬಂದು, ಪೀಟನ್ನು ಕಟ್ಟುವ ಪಾಚಿಯನ್ನು ಕೊಂದಿತ್ತು. ಕುರಿಗಳೂ ಬೆಂಕಿಯೂ ತಮ್ಮ ಪಾಲನ್ನು ಮಾಡಿದ್ದವು. ಆದರೂ ನಡೆಯುವವರು ತಮ್ಮ ಪಾಲನ್ನು ಬೇರೆಯವರ ಮೇಲೆ ಹಾಕಲಾರರು. 2003ರಿಂದ ಆ ಸೀಮೆಯ ಬಯಲಾದ ಬೆಟ್ಟಗಳಿಗೆ ಸುಣ್ಣವನ್ನೂ ಬೀಜವನ್ನೂ ಕತ್ತರಿಸಿದ ಹೆದರಿನ ಕಡ್ಡಿಯನ್ನೂ ಹೊತ್ತು ಹರಡಿ, ಕೊರಕಲುಗಳಿಗೆ ಕಲ್ಲಿನ ಒಡ್ಡುಗಳನ್ನು ಕಟ್ಟಿ, ಪಾಚಿಯನ್ನು ಸಸಿಯಂತೆ ಕೈಯಿಂದ ನೆಡುತ್ತಾ ಬಂದಿದ್ದಾರೆ. ಈ ಕೆಲಸಕ್ಕೆ ನಡೆಯುವವರಲ್ಲಿಯೂ ಅನೇಕರು ಕೂಲಿಯಿಲ್ಲದೆ ಬರುತ್ತಾರೆ.

ದಾರಿಗೆ ಹಾಸುವದಕ್ಕೆ ಕಲ್ಲು ಬೇಕಾಗಿತ್ತು. ಆ ಹೊತ್ತಿಗೆ ಬೆಟ್ಟದ ಪಡುವಲಲ್ಲಿದ್ದ ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿಹೋಗಿದ್ದವು. ಕೆಡವಿದ ಗಿರಣಿಗಳ ನೆಲದಿಂದ ಕಿತ್ತ ಚಪ್ಪಡಿಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿತಂದು ಆ ಉದ್ದದಾರಿಯ ಕೆಸರಿನ ಮೇಲೆ ಸಾಲಾಗಿ ಹಾಸಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಯಂತ್ರಗಳನ್ನು ಬಿಗಿಯುತ್ತಿದ್ದ ತೂತುಗಳು ಇನ್ನೂ ಇವೆ. ಮಳೆ ನಿಂತ ಮೇಲೆ ಆ ತೂತುಗಳಲ್ಲಿ ನೀರು ನಿಲ್ಲುತ್ತದೆ. ಎರಡು ಪಕ್ಕದಲ್ಲಿ ಹೆದರ್ ಮತ್ತೆ ಬರುತ್ತಾ ಇದೆ.